ಗೇರುಸಿಪ್ಪೆಯ ಎಣ್ಣೆಯಿಂದ ಹೊರಟ ಅಣು

ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಔಷಧದಂಗಡಿಗಳಲ್ಲಿ ಫಿಟ್ಸ್‌ಗೆಂದು ಕೊಡುವ ಹಳೆಯ ಮಾತ್ರೆಗಳಲ್ಲಿ ಸೋಡಿಯಂ ವ್ಯಾಲ್ಪ್ರೊಯೇಟ್ ಒಂದು. ಅದರ ಮೂಲವಾದ ಆಮ್ಲವನ್ನು 1882ರಲ್ಲೇ ತಯಾರಿಸಿದ್ದರೂ ದಶಕಗಳ ಕಾಲ ಅದು ಬರೀ ದ್ರಾವಕವಾಗಿತ್ತು. 1962ರಲ್ಲಿ ಫ್ರಾನ್ಸಿನಲ್ಲಿ ಬೇರೆ ರಾಸಾಯನಿಕಗಳನ್ನು ಅದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ, ಫಿಟ್ಸ್ ತಡೆಯುತ್ತಿರುವುದು ದ್ರಾವಕವೇ ಎಂದು ಗೊತ್ತಾಯಿತು. 2001ರಲ್ಲಿ ಅದರ ಇನ್ನೊಂದು ಗುಣ ಹೊರಬಿತ್ತು: ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವಗಳನ್ನೂ ಅದು ತಡೆಯುತ್ತದೆ.

ಆ ಕಿಣ್ವಗಳ ಕೆಲಸವೇನು? ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು ಕೂತಿದೆ. ಶಹಾಬಾದದ ಗಣಿಯಲ್ಲಿ ಒತ್ತಾಗಿ ಪೇರಿಸಿಟ್ಟ ಫರಸಿಗಳ ನಡುವಿನಿಂದ ಒಂದನ್ನು ಎಳೆಯಲು ಬರುವುದಿಲ್ಲ. ಬಿಗಿಯಾಗಿ ಸುತ್ತಿದ ಡಿಎನ್‌ಎಯ ವಂಶವಾಹಿಯನ್ನೂ ಕೋಶ ಓದಲಾರದು. ಪಿ300ರಂಥ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಅಂಟಿಸಿದರೆ ಅದರ ಧನವಿದ್ಯುದಂಶ ಇಳಿದು ಹಿಡಿತ ಸಡಿಲವಾಗುತ್ತದೆ. ಡಿಅಸಿಟೈಲೇಸ್ ಆ ಗುಂಪನ್ನು ಕಿತ್ತುಹಾಕುತ್ತದೆ. ಡಿಎನ್‌ಎಯ ಅಕ್ಷರ ಒಂದೂ ಬದಲಾಗದೆ ವಂಶವಾಹಿಗಳನ್ನು ತೆರೆದು ಮುಚ್ಚುವ ಇಂಥ ವ್ಯವಸ್ಥೆಗೆ ಎಪಿಜೆನೆಟಿಕ್ಸ್ ಎನ್ನುತ್ತಾರೆ. ಕ್ಯಾನ್ಸರಿನಲ್ಲಿ ಇದು ಹದಗೆಡುವುದುಂಟು.

ಡಿಅಸಿಟೈಲೇಸನ್ನು ತಡೆಯುವ ಕೆಲಸಕ್ಕೆ ವ್ಯಾಲ್ಪ್ರೊಯೇಟ್ ತೀರ ದುರ್ಬಲ. 2006ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ವೊರಿನೊಸ್ಟಾಟ್ ಎಂಬ ಔಷಧ ಹಾಗಲ್ಲ. ಡಿಅಸಿಟೈಲೇಸಿನ ಒಳಗೆ ಒಂದು ಇಕ್ಕಟ್ಟಾದ ಕೊಳವೆಯಿದೆ, ಅದರ ತಳದಲ್ಲಿ ಸತುವಿನ ಪರಮಾಣು. ವೊರಿನೊಸ್ಟಾಟಿನ ಒಂದು ತುದಿ ಆ ಸತುವನ್ನು ಹಿಡಿಯುತ್ತದೆ, ನಡುವಿನ ಇಂಗಾಲದ ಸರಪಳಿ ಕೊಳವೆಯೊಳಗೆ ಇಳಿಯುತ್ತದೆ, ಇನ್ನೊಂದು ತುದಿ ಬಾಯಿಗೆ ಮುಚ್ಚಳವಾಗುತ್ತದೆ. ಅಣುವಿನ ವಿನ್ಯಾಸ ಎಂದರೆ ಇಂಥ ಅಳತೆಯ ಕೆಲಸ.

ನಮ್ಮ ರಾಜ್ಯದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕೈಗೆತ್ತಿಕೊಂಡಿತು. ಮುಟ್ಟಿದರೆ ಕೈ ಸುಡುವ ಎಣ್ಣೆ ಅದು. ಅದರಲ್ಲಿನ ಅನಕಾರ್ಡಿಕ್ ಆಮ್ಲ ಪಿ300 ಕಿಣ್ವವನ್ನು ತಡೆಯುತ್ತದೆ ಎಂದು 2003ರಲ್ಲಿ ಅವರು ತೋರಿಸಿದರು. ಅದೇ ಆಮ್ಲವನ್ನು ಅಲ್ಲಲ್ಲಿ ತಿದ್ದಿ, ಕ್ಲೋರಿನ್ ಮತ್ತು ಫ್ಲೋರಿನ್ ಇರುವ ಇನ್ನೊಂದು ಉಂಗುರ ಜೋಡಿಸಿ ಮಾಡಿದ ಸಿಟಿಪಿಬಿ ಮಾತ್ರ ಪಿ300ಕ್ಕೆ ಚುರುಕು ಮುಟ್ಟಿಸಿತು! ತಡೆಯುವವನ ಮಗನೇ ಓಡಿಸುವವನಾದ.

ಮರುವರ್ಷ ಮುರುಗಲ ಹಣ್ಣಿನ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್ ಕೂಡ ಪಿ300ವನ್ನು ತಡೆಯುತ್ತವೆಂಬ ವರದಿಗಳು ಬಂದವು. ಹಾಗೆಂದು ಅರಿಶಿನ ತಿಂದರೆ ಕ್ಯಾನ್ಸರ್ ವಾಸಿ ಎಂಬ ವಾಟ್ಸಾಪ್ ಸಂದೇಶ ನಂಬಬೇಡಿ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ, ಸೇರಿದ್ದೂ ಬೇಗ ಒಡೆಯುತ್ತದೆ. ಪ್ರನಾಳದಲ್ಲಿ ಗೆದ್ದದ್ದೆಲ್ಲ ಮದ್ದಲ್ಲ.

ಸಿಟಿಪಿಬಿಗೂ ಇಂಥದೇ ತೊಡಕು: ಜೀವಕೋಶದೊಳಕ್ಕೆ ಹೋಗಲೊಲ್ಲದು. ಅದರ ಉದ್ದನೆಯ ಬಾಲ ಕತ್ತರಿಸಿ ಟಿಟಿಕೆ21 ಮಾಡಿ, ಗ್ಲೂಕೋಸಿನಿಂದ ತಯಾರಿಸಿದ ಇಂಗಾಲದ ನ್ಯಾನೊ ಗೋಲಿಗಳಿಗೆ ಅಂಟಿಸಿದರು. ಈ ಗೋಲಿಗಳು ಮಿದುಳಿನ ಕಾವಲನ್ನು ದಾಟಿದವು. ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತೆಂದು 2013ರಲ್ಲಿ ವರದಿಯಾಯಿತು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡದೊಂದಿಗೆ ನಡೆಸಿದ ಪ್ರಯೋಗದಲ್ಲಿ, ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳಲ್ಲಿ ನರತಂತುಗಳು ಮತ್ತೆ ಬೆಳೆದವು, ಚಲನೆಯೂ ಸುಧಾರಿಸಿತು. ಆದರೆ ತೀವ್ರ ಪೆಟ್ಟಾಗಿ 12 ವಾರ ಕಳೆದ ಮೇಲೆ ಔಷಧ ಶುರುಮಾಡಿ ನೋಡಿದ 2022ರ ಪ್ರಯೋಗದಲ್ಲಿ ತಂತುಗಳೇನೋ ಚಿಗುರಿದವು, ಇಲಿಗಳ ನಡಿಗೆ ಮಾತ್ರ ಸುಧಾರಿಸಲಿಲ್ಲ.