ಪರದೆ ಬರೆಯದೆ ಪರದೆ ಮೂಡಿತು

ಪೀಣ್ಯದ ಮಷೀನ್ ಶಾಪ್ ಒಂದರಲ್ಲಿ ಖರೀದಿ ಇಂಡೆಂಟ್‌ಗೆ ಸಾಫ್ಟ್‌ವೇರ್ ಸಿದ್ಧವಾಗುತ್ತಿತ್ತು. ಡೆವಲಪರ್ ಯುವತಿ ಸ್ಟೋರ್ ಕೀಪರ್ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಸ್ಟೋರ್ ಕೀಪರ್ ಹೇಳಿದ್ದನ್ನೆಲ್ಲ ಒಂದೊಂದೇ ಸಾಲಾಗಿ ಸೇರಿಸಿದರು: ಐಟಂ, ಎಷ್ಟು ಬೇಕು, ಯಾವ ಮಷೀನಿಗೆ, ಅಂದಾಜು ಮೊತ್ತ. ಸೇವ್ ಒತ್ತಿದ್ದೇ ತಡ, ಫಾರಂ, ಪಟ್ಟಿ, ಫಿಲ್ಟರ್, ಡೇಟಾಬೇಸ್ ಟೇಬಲ್ ಎಲ್ಲವೂ ತಯಾರು.

‘ಒಪ್ಪಿಗೆ ಯಾರು ಕೊಡ್ಬೇಕು ಸರ್?’

‘ಐವತ್ತು ಸಾವಿರದೊಳಗೆ ಮ್ಯಾನೇಜರ್ ಸಾಕಮ್ಮ. ಮೇಲಾದ್ರೆ ಯಜಮಾನ್ರೇ ನೋಡ್ಬೇಕು.’

ಅದೂ ಒಂದು ಕೋಷ್ಟಕವೇ: ಈಗಿನ ಹಂತ, ಕ್ರಮ, ಮುಂದಿನ ಹಂತ, ಯಾರಿಗೆ ಅಧಿಕಾರ, ಷರತ್ತು. ಕೊನೆಗೆ ‘ಸೆಲ್ಫ್ ಅಪ್ರೂವಲ್’ ಟಿಕ್ ತೆಗೆದರು. ಇಂಡೆಂಟ್ ಹಾಕಿದವರೇ ಅದಕ್ಕೆ ಒಪ್ಪಿಗೆ ಕೊಡುವಂತಿಲ್ಲ. ಮ್ಯಾನೇಜರ್ ಲಾಗಿನ್ ಆದರೆ ಅವರ ಪಾಲಿನ ಬಟನ್ ಮಾತ್ರ ಕಾಣುತ್ತದೆ.

ಆಕೆ ಬಳಸುತ್ತಿದ್ದುದು ಮುಂಬೈಯ ಫ್ರಾಪೆ ಫ್ರೇಮ್‌ವರ್ಕ್. ವ್ಯವಹಾರ ನಿರ್ವಹಣೆಯ ಇಆರ್‌ಪಿನೆಕ್ಸ್ಟ್ ತಂತ್ರಾಂಶ ನಿಂತಿರುವುದು ಇದರ ಮೇಲೆಯೇ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಕೂಡ ಈ ಫ್ರೇಮ್‌ವರ್ಕ್ ಬಳಸುತ್ತದೆ. ಕೆಲಸದ ಹರಿವನ್ನು ಬರೆದಿಡುವ ಹಂಬಲ ಹಳೆಯದು. ಇದಕ್ಕೆ ದಾರಿ ತೋರಿದ ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ಅವರ ಪ್ರಬಂಧ 1962ರದು, ಇಂಥ ಹರಿವನ್ನು ಚಿತ್ರವಾಗಿ ಬಿಡಿಸುವ ಬಿಪಿಎಂಎನ್ 2.0 ಮಾನದಂಡ 2011ರದು. ಬಿಪಿಎಂಎನ್ ಚಿತ್ರ ಹಂತಗಳನ್ನು ಹೇಳುತ್ತದೆ, ಫಾರಂ ಹೇಗಿರಬೇಕೆಂದು ಹೇಳುವುದಿಲ್ಲ. ಚಿತ್ರ ಬರೆದರೆ ಅರ್ಧ ಕೆಲಸ ಮುಗಿಯಿತು ಎಂಬ ಮಾತನ್ನು ನಾನು ನಂಬದಿರುವುದು ಅದಕ್ಕೇ. ಹೆಚ್ಚು ಸಮಯ ತಿನ್ನುವುದು ಪರದೆಗಳ ಕೆಲಸವೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಫ್ರಾಪೆಯಲ್ಲಿ ಪ್ರತಿ ದಾಖಲೆಯ ರೂಪವೂ ಒಂದು ‘ಡಾಕ್‌ಟೈಪ್’. ಇಂಡೆಂಟ್ ಒಂದು ಡಾಕ್‌ಟೈಪ್, ಒಪ್ಪಿಗೆಯ ವರ್ಕ್‌ಫ್ಲೋ ಕೂಡ ಡಾಕ್‌ಟೈಪ್. ಡಾಕ್‌ಟೈಪ್ ಎಂಬುದೂ ಡಾಕ್‌ಟೈಪೇ! ಆ ಯುವತಿ ಸಾಲು ಸೇರಿಸುತ್ತಿದ್ದ ಫಾರಂ ಮೂಡಿದ್ದೂ ಅದೇ ವಿಧಾನದಿಂದ. ಸೋರ್ಸ್ ಕೋಡ್ ತೆರೆಸಿ ನೋಡಿದೆ: ಡಾಕ್‌ಟೈಪ್ ಫೋಲ್ಡರಿನೊಳಗೆ ಡಾಕ್‌ಟೈಪ್ ಫೋಲ್ಡರ್, ಅದರೊಳಗೆ ಡಾಕ್‌ಟೈಪ್ ಹೆಸರಿನದೇ ಜೇಸನ್ ಫೈಲ್. ಹಾಗಿದ್ದರೆ ಮೊಟ್ಟಮೊದಲನೆಯದನ್ನು ಹುಟ್ಟಿಸಿದ್ದು ಯಾರು? ಅದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಇನ್‌ಸ್ಟಾಲ್ ಆಗುವಾಗ ಬುನಾದಿಯ ಕೆಲವು ಟೇಬಲ್‌ಗಳನ್ನು ಮಾತ್ರ ನೇರ ಎಸ್‌ಕ್ಯೂಎಲ್ ಫೈಲೊಂದು ಕಟ್ಟಿಕೊಡುತ್ತದೆ. ಉಳಿದದ್ದೆಲ್ಲ ಅದರಿಂದ ಬೆಳೆಯುತ್ತದೆ. ಫಾರಂ ಬಿಡಿಸುವ ಭಾಗವನ್ನು ಸುಧಾರಿಸಿದರೆ ಫಾರಂ ಕಟ್ಟುವ ಫಾರಮ್ಮೂ ಸುಧಾರಿಸುತ್ತದೆ. ಇಷ್ಟು ಚೊಕ್ಕ ವ್ಯವಸ್ಥೆಯನ್ನು ನಾನು ಕಂಡದ್ದು ಕಡಿಮೆ.

ಕೋಡೇ ಬೇಡ ಎಂದಲ್ಲ. ಎಣ್ಣೆಗೈಯ ಆಪರೇಟರ್‌ಗೆ ಮೊಬೈಲಿನಲ್ಲಿ ದೊಡ್ಡ ಬಟನ್ ಎರಡೇ ಸಾಕು, ಹತ್ತು ಸಾಲಿನ ಫಾರಂ ಬೇಡ. ಆ ಪರದೆಯನ್ನು ಆಕೆ ವ್ಯೂ (Vue) ಬಳಸಿ ಕೈಯಾರೆ ಬರೆಯುತ್ತಿದ್ದಾರೆ. ಅಷ್ಟರಲ್ಲಿ ಒಳಬಂದ ಯಜಮಾನರು ಮಿತಿಯನ್ನು ಎಪ್ಪತ್ತೈದು ಸಾವಿರಕ್ಕೆ ಏರಿಸಲು ಹೇಳಿದರು. ಷರತ್ತಿನಲ್ಲಿದ್ದ ಅಂಕಿ ಬದಲಾಯಿತು. ಪರದೆಯ ಕೋಡ್ ಮುಟ್ಟಬೇಕಾಗಲಿಲ್ಲ.