ಊರಿಗೆ ಒಯ್ದ ಆಲೂಗಡ್ಡೆ

ಹೋದ ಬೇಸಗೆಯಲ್ಲಿ ಪುಣೆಯಿಂದ ಹೊರಟು, ಊಟಿ ನೋಡಿಕೊಂಡು ಹಾಸನದ ಅಣ್ಣನ ಮನೆಗೆ ಹೋದ ನಾವು, ಊಟಿಯ ಆಲೂಗಡ್ಡೆಯನ್ನು ಬಿತ್ತನೆಗೆಂದು ಕೊಟ್ಟೆವು. “ಹುಳಿಗಾದೀತು, ಹೊಲಕ್ಕೆ ಬೇಡಪ್ಪ” ಎಂದರು ಅಣ್ಣ.

ನೀಲಗಿರಿಯಲ್ಲಿ 1961ರಲ್ಲಿ ಆಲೂಗಡ್ಡೆಯ ಬೇರು ಹೀರುವ ಜಂತುಹುಳು ಕಂಡುಬಂದಿತು. ಸಾಸಿವೆಗಿಂತ ಸಣ್ಣ ಗುಳ್ಳೆಗಳೊಳಗೆ ಅದರ ಮೊಟ್ಟೆಗಳು ವರ್ಷಗಟ್ಟಲೆ ಜೀವ ಹಿಡಿದಿದ್ದು, ಗಡ್ಡೆಗಂಟಿದ ಮಣ್ಣಿನೊಡನೆ ಊರೂರಿಗೆ ಹೋಗುತ್ತವೆ.

ಹಾಸನದವರು ಬಹುಕಾಲದಿಂದ ಬೆಳೆಯುವ, 1968ರ ಕುಫ್ರಿ ಜ್ಯೋತಿ ತಳಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು 1985ರಲ್ಲಿ ನೀಲಗಿರಿಗೆಂದು ಹೊರತಂದ ಕುಫ್ರಿ ಸ್ವರ್ಣಕ್ಕೆ ಉಂಟು. ಆದರೆ ಆ ಗಡ್ಡೆಗೂ ಮಣ್ಣು ಅಂಟುತ್ತದಲ್ಲವೆ? ತಳಿಯ ಹೆಸರು ಕೇಳಿದರೆ ಸಾಲದು, ಅದು ಬಂದ ಊರನ್ನೂ ಕೇಳಬೇಕು.

ರಜೆಗೆ ಊರಿಗೆ ಹೋಗುವಾಗ ಪುಣೆಯ ಬಾಕರವಡಿ ಒಯ್ಯೋಣ; ಬಿತ್ತನೆಯ ಗಡ್ಡೆ ಬೇಡ.