ಮುಳ್ಳು ನಿಧಾನವಾಗಿ ಇಳಿಯಬೇಕು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಗಲ್ಲಿ ಒಳಗೆ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಕೋಣೆ. ಟ್ಯೂಬ್‌ಲೈಟಿನ ಕೆಳಗೆ ಒಂದು ಡ್ಯುಯಲ್ 1219 ರೆಕಾರ್ಡ್ ಪ್ಲೇಯರ್ ಹೊಟ್ಟೆ ಬಿಚ್ಚಿಕೊಂಡು ಕೂತಿದೆ. 1970ರ ಆಸುಪಾಸಿನಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಸಾಂಕ್ಟ್ ಗಿಯಾರ್ಗೆನ್‌ನಲ್ಲಿ ತಯಾರಾದದ್ದು. ಸುಮಾರು 3 ಕಿಲೋ ತೂಗುವ ತಿರುಗುತಟ್ಟೆ ಪಕ್ಕದ ಸ್ಟೂಲಿನ ಮೇಲಿದೆ. ಆರ್ಮಿನ ಹಿಂಬದಿಯ ಭಾರ ಡಬ್ಬಿ ಸೇರಿದೆ, ಮುಳ್ಳಿರುವ ಕಾರ್ಟ್ರಿಡ್ಜ್ ಹತ್ತಿಯ ಮೇಲೆ ಮಲಗಿದೆ. ಬೋಳಾದ ಆರ್ಮನ್ನು ಅದರ ಆಸರೆಗೆ ದಾರದಲ್ಲಿ ಕಟ್ಟಿದ್ದಾರೆ.

ದೂರು ಇಷ್ಟೆ: ಸನ್ನೆ ಕೆಳಗೆ ಮಾಡಿದರೆ ಆರ್ಮ್ ಇಳಿಯುವುದಿಲ್ಲ, ಬೀಳುತ್ತದೆ. ಒಂದೂವರೆ ಗ್ರಾಂ ಭಾರದಲ್ಲಿ ಗೀರಿನೊಳಗೆ ಹರಿಯಬೇಕಾದ ವಜ್ರದ ತುದಿ ಮೇಲಿನಿಂದ ಟಪ್ಪೆಂದು ಬಡಿದರೆ ಗೀರಿಗೂ ಪೆಟ್ಟು, ಮುಳ್ಳು ಹಿಡಿದ ಸಣ್ಣ ಕಡ್ಡಿಗೂ ಪೆಟ್ಟು. ಒಡೆಯರ ಕಪಾಟಿನಲ್ಲಿರುವುದು ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಎಚ್‌ಎಂವಿ ಎಲ್‌ಪಿಗಳು, ಭೀಮಸೇನ ಜೋಶಿಯವರವು. ಒಂದು ಹಾಳಾದರೆ ಅಂಥದ್ದೇ ಇನ್ನೊಂದನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ರಿಪೇರಿಯ ಹಿರಿಯರು ಪುಟ್ಟ ಕ್ಲಿಪ್ಪಿನ ಮೇಲೆ ಹೆಬ್ಬೆರಳಿಟ್ಟು, ಅದು ಹಾರಿಹೋಗದಂತೆ ಬಿಡಿಸುತ್ತಾರೆ. ಸ್ಪ್ರಿಂಗ್ ಬರುತ್ತದೆ, ಅದರ ಹಿಂದೆ ಆರ್ಮನ್ನು ಎತ್ತುವ ಉಕ್ಕಿನ ಕಡ್ಡಿ. ಮೂಗಿಗೆ ಹಿಡಿದು ನೋಡಿ ಸಹಾಯಕ ಹುಡುಗನಿಗೆ ಕೊಡುತ್ತಾರೆ.

"ಯಾರೋ ಹೊಲಿಗೆ ಮಿಷನ್ ಎಣ್ಣೆ ಬಿಟ್ಟಿದಾರೆ ಕಣೋ."

"ಎಣ್ಣೆ ಬಿಟ್ರೆ ಒಳ್ಳೇದಲ್ವಾ ಅಣ್ಣ?"

"ಇಲ್ಲಿ ಎಣ್ಣೆ ಜಾರೋದಕ್ಕಲ್ಲಪ್ಪ, ತಡೆಯೋದಕ್ಕೆ."

ಇಡೀ ಕೆಲಸದ ಗುಟ್ಟು ಇದರಲ್ಲೇ ಇದೆ. ಕಡ್ಡಿಗೂ ಅದು ಕೂರುವ ಕೊಳವೆಗೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿ ತುಂಬುವುದು ಗಟ್ಟಿ ಸಿಲಿಕೋನ್ ಎಣ್ಣೆ. ನೀರಿನ ಸ್ನಿಗ್ಧತೆ 1 ಸೆಂಟಿಸ್ಟೋಕ್ಸ್ ಆದರೆ ಇದರದು 3 ಲಕ್ಷ, 5 ಲಕ್ಷ. ಕಡ್ಡಿ ಇಳಿಯಬೇಕಾದರೆ ಈ ಎಣ್ಣೆಯ ಪದರವನ್ನು ಎಳೆದುಕೊಂಡೇ ಇಳಿಯಬೇಕು. ಆ ಎಳೆದಾಟವೇ ಆರ್ಮನ್ನು ಎರಡು ಮೂರು ಸೆಕೆಂಡು ಗಾಳಿಯಲ್ಲಿ ಹಿಡಿದಿಡುತ್ತದೆ. ಸಿಲಿಕೋನ್ ಆದ್ದರಿಂದ ಚಳಿಗೂ ಸೆಕೆಗೂ ಅಷ್ಟಾಗಿ ಬದಲಾಗುವುದಿಲ್ಲ. ರೆಕಾರ್ಡ್ ಕೇಳುವವರು ಧ್ವನಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಒಂದು ಯಂತ್ರ ಸಂಗೀತಕ್ಕೆ ತೋರುವ ಮರ್ಯಾದೆ ಮೊದಲು ಕಾಣುವುದು ಈ ಎರಡು ಮೂರು ಸೆಕೆಂಡಿನಲ್ಲಿ.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿ ಕೊಳವೆಯೊಳಗೆ ಹೋಗಿ ಕಂದು ಬಣ್ಣ ಹೊತ್ತು ಬರುತ್ತದೆ. ಇನ್ನೊಂದು, ಮತ್ತೊಂದು, ಕೊನೆಗೆ ಬಿಳಿಯಾಗಿಯೇ ಬರುತ್ತದೆ. ಉಪ್ಪುಕಾಗದ ಮುಟ್ಟಿಸುವ ಹಾಗಿಲ್ಲ, ಉಜ್ಜಿದರೆ ಆ ಕೂದಲೆಳೆ ಅಗಲವಾದೀತು. ಎಣ್ಣೆ ಬಂದಿರುವುದು ರಿಮೋಟ್ ಆಟಿಕೆ ಕಾರುಗಳ ಡಿಫರೆನ್ಷಿಯಲ್‌ಗೆ ಹಾಕುವ ಪುಟ್ಟ ಸೀಸೆಯಲ್ಲಿ. ಟೂತ್‌ಪಿಕ್ಕಿನ ತುದಿಯಲ್ಲಿ ಅದ್ದಿ ಎತ್ತಿದರೆ ಹಲಸಿನ ಮೇಣದಂತೆ ಎಳೆ ಬಿಡುತ್ತದೆ. ಕಡ್ಡಿಗೆ ತೆಳುವಾಗಿ ಸವರಿ, ತಿರುಗಿಸುತ್ತಾ ಕೊಳವೆಗಿಳಿಸಿ, ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಒಳಗೆ ಸಿಕ್ಕ ಗಾಳಿ ಹೊರಬರಲೆಂದು ಸುಮ್ಮನೆ ಬಿಡುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ.

ಎಲ್ಲ ಜೋಡಿಸಿದ ಮೇಲೆ ಎತ್ತರದ ಲೆಕ್ಕ. ಸನ್ನೆ ಕೆಳಗಿದ್ದಾಗ ಎತ್ತುವ ಪಟ್ಟಿ ಆರ್ಮಿನಿಂದ ಪೂರ್ತಿ ಬಿಟ್ಟುಕೊಳ್ಳಬೇಕು, ನಡುವೆ ಬೆಳಕು ಕಾಣಬೇಕು. ತಾಗಿಕೊಂಡಿದ್ದರೆ ಮುಳ್ಳು ಗೀರಿನಲ್ಲಿ ಕೂರದೆ ಜಾರುತ್ತದೆ. ರೆಕಾರ್ಡಿನ ಅಂಚಿನಲ್ಲಿ ಒಮ್ಮೆ, ಲೇಬಲ್ಲಿನ ಹತ್ತಿರ ಒಮ್ಮೆ ಕಣ್ಣಳತೆ ನೋಡುತ್ತಾರೆ. ಗುಜರಿಯಿಂದ ತಂದ ಹಳೆಯ ಪ್ಲೇಟಿನ ಮೇಲೆ ಪರೀಕ್ಷೆ. ಆರ್ಮ್ ಹೊರಟಿತು, ಇಳಿಯಿತು, ಆದರೆ ಒಂದೆರಡು ಗೀರು ಹೊರಕ್ಕೆ ಸರಿದು ಕೂತಿತು. ಆರ್ಮನ್ನು ಸದಾ ಹೊರಕ್ಕೆಳೆಯುವ ಆ್ಯಂಟಿ-ಸ್ಕೇಟಿಂಗಿನ ಕೆಲಸ ಇದು. ಪಟ್ಟಿಗೂ ಆರ್ಮಿಗೂ ಅಂಟಿದ್ದ ಜಿಡ್ಡನ್ನು ಒರೆಸಿ ಮತ್ತೆ ಇಳಿಸಿದರೆ ಬಯಸಿದ ಜಾಗದಲ್ಲೇ ನಿಂತಿತು. ಹುಡುಗನ ಮುಖ ಅರಳಿತು.

ಹಿರಿಯರು ಮಾತ್ರ ಇನ್ನೂ ಕೆಳಗೆ ಟಾರ್ಚ್ ಬಿಡುತ್ತಿದ್ದಾರೆ. ಈ ಮಾದರಿಯಲ್ಲಿ ಆರ್ಮನ್ನು ತಾನಾಗಿ ಒಯ್ಯುವ ಸನ್ನೆಯ ತುದಿಗೆ ಕಾಳಿನಷ್ಟು ರಬ್ಬರ್ ಟೊಪ್ಪಿ ಇರುತ್ತದೆ, ಐವತ್ತು ವರ್ಷದಲ್ಲಿ ಅದು ಪುಡಿಯಾಗದೆ ಉಳಿಯುವುದು ಅಪರೂಪ. ಇದರಲ್ಲೂ ಉಳಿದಿಲ್ಲ.

"ಸೈಕಲ್ ಶಾಪಿಗೆ ಹೋಗಿ ಒಂದು ಗೇಣು ವಾಲ್ ಟ್ಯೂಬ್ ತಗೊಂಡು ಬಾ," ಎನ್ನುತ್ತಾರೆ. "ಹೊಸದು ಕೇಳು, ಬಿಸಿಲಲ್ಲಿ ನೇತುಹಾಕಿದ್ದು ಬೇಡ."